ಆಟೋ ರಾಜನಾಗುವ ಮೊದಲು ಶಂಕರ್ ನಾಗ್

ನಮ್ಮ ಚೋರನೂರು ಕಡೆ ಆಟೋಗಳ ಮೇಲೆ ಈಗಲೂ ಶಂಕರ್ ನಾಗ್ ಅವರ ಚಿತ್ರ ಕಾಣುತ್ತದೆ. 1980ರ ‘ಆಟೋ ರಾಜ’ ಸಿನಿಮಾದಿಂದ ಅವರು ಆಟೋ ಚಾಲಕರಿಗೆ ಮನೆಯವರಂತಾದರು. ಅದಕ್ಕೂ ಮೊದಲು ಅವರು ನಡೆದು ಬಂದ ದಾರಿ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಶಂಕರ್ ನಾಗರಕಟ್ಟೆ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ. ಅವರ ಮನೆಮಾತು ಕೊಂಕಣಿ. ಓದು ಮುಗಿಸಿ ಮುಂಬೈಗೆ ಹೋದ ಅವರು ಮರಾಠಿ ರಂಗಭೂಮಿಯಲ್ಲಿ ಮುಳುಗಿಹೋದರು. ಮುಂದೆ ಅವರ ಪತ್ನಿಯಾದ ಅರುಂಧತಿ ಅವರ ಪರಿಚಯವಾದದ್ದೂ ನಾಟಕದಿಂದಲೇ. ಚಾಪೇಕರ್ ಸಹೋದರರ ಕುರಿತ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಚಿತ್ರಕಥೆಯಲ್ಲೂ ಅವರ ಪಾಲಿದೆ.

ಗಿರೀಶ್ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ 1978ರಲ್ಲಿ ಬಂತು. ಅದರಲ್ಲಿ ಶಂಕರ್ ಕೂಲಿಗಾಗಿ ಯುದ್ಧ ಮಾಡುವ ಗಂಡುಗಲಿ. ಈ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. ನಾಯಕನಾಗಿ ಒಂದರ ಹಿಂದೆ ಒಂದು ಅವಕಾಶಗಳು ಬಂದವು.

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ವಾಣಿಜ್ಯ ವಿದ್ಯಾರ್ಥಿಯ ಮಾತಿನಲ್ಲಿ ಹೇಳುವುದಾದರೆ, ಬಂದ ಹೆಸರನ್ನೇ ಬಂಡವಾಳ ಮಾಡಿಕೊಂಡು ತಮಗೆ ಬೇಕಾದ ಸಿನಿಮಾ ಮಾಡಲು ಹೊರಟರು. ಅಣ್ಣ ಅನಂತ್ ನಾಗ್ ಜೊತೆಗಿದ್ದರು. 1980ರಲ್ಲಿ ‘ಮಿಂಚಿನ ಓಟ’ ಬಂದಾಗ ನಿರ್ದೇಶಕರಿಗೆ ಇನ್ನೂ 25–26 ವಯಸ್ಸು. ಕಾರು ಕಳ್ಳರು ಜೈಲಿನಿಂದ ತಪ್ಪಿಸಿಕೊಳ್ಳುವ ಈ ಕಥೆಯಲ್ಲಿ ಅಣ್ಣ ತಮ್ಮ ಇಬ್ಬರೂ ನಟಿಸಿದರು, ಲೋಕನಾಥ್ ಕೂಡ ಇದ್ದರು. ಚಿತ್ರಕ್ಕೆ ಹಲವು ರಾಜ್ಯ ಪ್ರಶಸ್ತಿಗಳು ಬಂದವು. ಮರುವರ್ಷ ‘ಗೀತಾ’, ಆಮೇಲೆ ರಾಷ್ಟ್ರ ಪ್ರಶಸ್ತಿ ಪಡೆದ ‘ಆಕ್ಸಿಡೆಂಟ್’, ನಂತರ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’. ಇಷ್ಟರ ನಡುವೆಯೂ ‘ಸಂಕೇತ್’ ತಂಡದ ಮೂಲಕ ನಾಟಕ ಮಾಡುವುದನ್ನು ಬಿಡಲಿಲ್ಲ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 35 ವರ್ಷ.

ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಯಲ್ಲಿ ಉರ್ದು ಮಾತನಾಡುವವರು ಬಹಳ ಜನ ಇದ್ದೇವೆ. ತಪ್ಪಾದರೆ ನಗುತ್ತಾರೆ ಎಂದು ವೇದಿಕೆಯಲ್ಲಿ ಕನ್ನಡ ಮಾತನಾಡಲು ಹೆದರುತ್ತೇವೆ. ಕೊಂಕಣಿ ಮನೆಯಿಂದ ಬಂದು, ಮರಾಠಿಯಲ್ಲಿ ಕೆಲಸ ಕಲಿತ ಶಂಕರ್ ನಾಗ್ ಇಂದು ಇಡೀ ಕನ್ನಡ ನಾಡಿನವರು. ಮನೆಯಲ್ಲಿ ಯಾವ ಭಾಷೆ ಎಂದು ಅವರನ್ನು ಈಗ ಯಾರೂ ಕೇಳುವುದಿಲ್ಲ. ಆ ಧೈರ್ಯದಿಂದಲೇ ಈ ಲೇಖನ ಬರೆದಿದ್ದೇನೆ. ಮುಂದಿನ ಸಂಚಿಕೆಗೆ ನೀವೂ ಬರೆಯಿರಿ.