ಕ್ಯಾಲಿಪರ್ ಕಳಚಿ ಓಡಿದ ವಿಲ್ಮಾ ರುಡಾಲ್ಫ್

ವಿಲ್ಮಾ ರುಡಾಲ್ಫ್ ಅವರು 1940ರ ಜೂನ್ 23ರಂದು ಅಮೆರಿಕದ ಟೆನೆಸ್ಸಿ ರಾಜ್ಯದ ಬಡ ಕಪ್ಪುಜನಾಂಗದ ಕುಟುಂಬದಲ್ಲಿ ಹುಟ್ಟಿದರು. ತಂದೆಯ 22 ಮಕ್ಕಳಲ್ಲಿ ಅವರು 20ನೆಯವರು. ಚಿಕ್ಕಂದಿನಲ್ಲೇ ಪೋಲಿಯೊ ತಗುಲಿ ಎಡಗಾಲು ಬಲ ಕಳೆದುಕೊಂಡಿತು. ಕಾಲಿಗೆ ಕ್ಯಾಲಿಪರ್ ಬಂತು. ಅವರ ಊರಾದ ಕ್ಲಾರ್ಕ್ಸ್‌ವಿಲ್‌ನಲ್ಲಿ ಕಪ್ಪು ಮಕ್ಕಳಿಗೆ ಸರಿಯಾದ ಚಿಕಿತ್ಸೆ ಸಿಗುತ್ತಿರಲಿಲ್ಲ. ತಾಯಿ ವಾರವಾರವೂ ಬಸ್ಸಿನಲ್ಲಿ ನ್ಯಾಶ್‌ವಿಲ್‌ನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ಅಕ್ಕ-ಅಣ್ಣಂದಿರು ಸರದಿಯಂತೆ ದಿನಕ್ಕೆ ನಾಲ್ಕು ಸಲ ಕಾಲು ತಿಕ್ಕುತ್ತಿದ್ದರು.

ವರ್ಷಗಳ ನಂತರ ಕ್ಯಾಲಿಪರ್ ಕಳಚಿತು. ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ವಿಲ್ಮಾ, ಕೋಚ್ ಎಡ್ ಟೆಂಪಲ್ ಅವರ ಕಣ್ಣಿಗೆ ಬಿದ್ದು ಓಟಗಾರ್ತಿಯಾದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ, 16ನೇ ವಯಸ್ಸಿನಲ್ಲಿ, ರಿಲೇ ಓಟದಲ್ಲಿ ಕಂಚು ಗೆದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್, 200 ಮೀಟರ್ ಮತ್ತು ರಿಲೇ ಮೂರರಲ್ಲೂ ಚಿನ್ನ. ಒಂದೇ ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್‌ನಲ್ಲಿ ಈ ಸಾಧನೆ ಮಾಡಿದ ಮೊದಲ ಅಮೆರಿಕನ್ ಮಹಿಳೆ ಅವರು.

ಊರು ಸನ್ಮಾನಕ್ಕೆ ಸಜ್ಜಾಯಿತು. ಆದರೆ ಅಲ್ಲಿ ಬಿಳಿಯರಿಗೂ ಕಪ್ಪುಜನರಿಗೂ ಎಲ್ಲವೂ ಬೇರೆ ಬೇರೆ. ಅಂಥ ಸಮಾರಂಭಕ್ಕೆ ತಾವು ಬರುವುದಿಲ್ಲವೆಂದು ವಿಲ್ಮಾ ಪಟ್ಟು ಹಿಡಿದರು. ಕೊನೆಗೆ ಮೆರವಣಿಗೆಯಲ್ಲೂ ಔತಣದಲ್ಲೂ ಊರಿನವರೆಲ್ಲ ಮೊದಲ ಬಾರಿಗೆ ಒಟ್ಟಿಗೆ ಸೇರಿದರು.

1962ರಲ್ಲಿ ಓಟದಿಂದ ನಿವೃತ್ತರಾಗಿ ಶಿಕ್ಷಕಿಯಾದರು. 1994ರ ನವೆಂಬರ್ 12ರಂದು, 54ನೇ ವಯಸ್ಸಿನಲ್ಲಿ ತೀರಿಕೊಂಡರು.

ವಿದ್ಯಾರ್ಥಿಗಳೇ, ಅವರ ಓಟವನ್ನು ನೆನೆಯುವಾಗ ಆ ಕಾಲು ತಿಕ್ಕಿದ ಕೈಗಳನ್ನೂ ಮರೆಯದಿರೋಣ.