ನಿಜಾಮರ ನಾಡಿನ ಛಾಯಾಗ್ರಾಹಕ ರಾಜಾ ದೀನದಯಾಳರು

ಗಿಣಿಗೇರಾ ನಿಲ್ದಾಣದಲ್ಲಿ ಹುಬ್ಬಳ್ಳಿ–ಗುಂತಕಲ್ಲ ಮಾರ್ಗವನ್ನು ಬಿಟ್ಟು ಗಂಗಾವತಿಯ ಕಡೆಗೆ ತಿರುಗುವ ಹೊಸ ಹಳಿಯನ್ನು ನಮ್ಮಲ್ಲಿ ಬಹುಮಂದಿ ನೋಡಿದ್ದೇವೆ. ಆ ಮಾರ್ಗಕ್ಕೆ ಗೊತ್ತುಪಡಿಸಿದ ಕೊನೆಯ ಊರು ಮಹಬೂಬನಗರ. ಹೈದರಾಬಾದಿನ ಆರನೆಯ ನಿಜಾಮರಾದ ಮೀರ್ ಮಹಬೂಬ ಅಲಿ ಖಾನರಿಂದ ಆ ಊರಿಗೆ ಆ ಹೆಸರು ಬಂದಿತು. ಅವರ ಕಾಲದಲ್ಲಿ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳೆಲ್ಲವೂ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಕೊಪ್ಪಳ, ಯಲಬುರ್ಗಿಗಳಂತೂ ಸಾಲಾರಜಂಗ ಮನೆತನದ ಜಹಗೀರಿಯಾಗಿದ್ದವು. ನಮ್ಮ ಮುತ್ತಜ್ಜಂದಿರು ಕಂದಾಯ ಕಟ್ಟಿದ್ದು ಆ ರಾಜ್ಯದಲ್ಲಿ. ಆದರೆ ಆ ರಾಜ್ಯದ ದೊರೆಯ ಮುಖವನ್ನಾಗಲಿ ಅರಮನೆಯನ್ನಾಗಲಿ ಅವರು ಕಂಡವರಲ್ಲ. ಇಂದು ನಾವು ಅವನ್ನು ಕಾಣಬಲ್ಲೆವು. ಅದಕ್ಕೆ ಮುಖ್ಯ ಕಾರಣರಾದವರು ರಾಜಾ ದೀನದಯಾಳರೆಂಬ ಛಾಯಾಗ್ರಾಹಕರು. ಅವರ ಜೀವನವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ದೀನದಯಾಳರು ಹುಟ್ಟಿದ್ದು 1844ರಲ್ಲಿ, ಮೀರತ್ತಿನ ಹತ್ತಿರದ ಸರಧನಾ ಎಂಬ ಊರಿನಲ್ಲಿ. ಅವರದು ಜೈನ ಮನೆತನ. ಕುಲದ ವೃತ್ತಿ ರತ್ನಪಡಿ ವ್ಯಾಪಾರ. ಹುಡುಗನಾದರೋ ಅಂಗಡಿಯಲ್ಲಿ ಕೂಡದೆ ರೂರ್ಕಿಯ ಥಾಮಸನ್ ಇಂಜಿನಿಯರಿಂಗ್ ಕಾಲೇಜನ್ನು ಸೇರಿದನು. ಕಟ್ಟಡದ ನಕ್ಷೆ ಬರೆಯುವುದು, ಅಳತೆ ತೆಗೆಯುವುದು, ಗೋಡೆ ಕಂಬಗಳ ಪ್ರಮಾಣವನ್ನು ಕಣ್ಣಿನಿಂದಲೇ ಅಂದಾಜು ಮಾಡುವುದು ಅಲ್ಲಿಯ ವಿದ್ಯೆ. 1866ರಲ್ಲಿ ಅವರಿಗೆ ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆಗಾರನ ಕೆಲಸ ದೊರೆಯಿತು. ತಿಂಗಳಿಗೆ ಸಂಬಳ, ಮುಂದೆ ಬಡತಿ, ಕೊನೆಗೆ ಪಿಂಚಣಿ, ಇಷ್ಟಕ್ಕೇ ತೃಪ್ತಿಪಟ್ಟು ಬಾಳಿದ್ದರೆ ಅವರ ಹೆಸರು ಇಂದು ಯಾರಿಗೂ ನೆನಪಿರುತ್ತಿರಲಿಲ್ಲ.

ಇಂದೂರಿನಲ್ಲಿ, 1874ರ ಸುಮಾರಿಗೆ, ಅವರಿಗೆ ಛಾಯಾಚಿತ್ರದ ಗೀಳು ಹಿಡಿಯಿತು. ಆ ವೇಳೆಗೆ ಛಾಯಾಗ್ರಹಣವು ಭಾರತಕ್ಕೆ ಹೊಸದಾಗಿರಲಿಲ್ಲ. 1850ರ ದಶಕದಲ್ಲಿಯೇ ಮುಂಬಯಿ, ಕಲಕತ್ತೆ, ಮದರಾಸುಗಳಲ್ಲಿ ಛಾಯಾಚಿತ್ರ ಸಂಘಗಳು ಹುಟ್ಟಿದ್ದವು. ನಮಗೆ ಕೂಗಳತೆಯಲ್ಲಿರುವ ಹಂಪೆಯ ಹಾಳುಗಳನ್ನು ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು 1856ರಲ್ಲಿಯೇ ಚಿತ್ರಿಸಿದ್ದನು. ಆದರೆ ಈ ವಿದ್ಯೆಯು ಬಹುಮಟ್ಟಿಗೆ ಆಂಗ್ಲರ ಕೈಯಲ್ಲಿತ್ತು. ಸಂಘಗಳು ಏರ್ಪಡಿಸುತ್ತಿದ್ದ ಪ್ರದರ್ಶನಗಳಲ್ಲಿ ಗೋಡೆಗೆ ಏರುತ್ತಿದ್ದ ಚಿತ್ರಗಳಲ್ಲಿ ಹೆಚ್ಚಿನವು ಅವರವೇ. ಅಂಥ ಕಾಲದಲ್ಲಿ ಸರಕಾರಿ ಕಚೇರಿಯ ಒಬ್ಬ ದೇಶೀಯ ನಕ್ಷೆಗಾರ ಕ್ಯಾಮೆರಾ ಕೈಗೆತ್ತಿಕೊಂಡದ್ದು ಸಣ್ಣ ಸಾಹಸವಲ್ಲ. ಇಂದೂರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳಕರರೂ, ಮಧ್ಯಭಾರತದಲ್ಲಿ ಗವರ್ನರ್ ಜನರಲರ ಪ್ರತಿನಿಧಿಯಾಗಿದ್ದ ಸರ್ ಹೆನ್ರಿ ಡೇಲಿಯವರೂ ಅವರಿಗೆ ಪ್ರೋತ್ಸಾಹವಿತ್ತರು.

ಇಂದು ಕಿಸೆಯೊಳಗಿನ ಫೋನಿನಿಂದ ನಿಮಿಷಕ್ಕೆ ಹತ್ತು ಚಿತ್ರ ತೆಗೆಯುವ ನಮಗೆ ಅಂದಿನ ಶ್ರಮದ ಕಲ್ಪನೆ ಬರುವುದು ಕಷ್ಟ. ಆಗಿನ ರೂಢಿಯ ವಿಧಾನದಲ್ಲಿ ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹೊಯ್ದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒದ್ದೆಯಾಗಿರುವಾಗಲೇ ಕ್ಯಾಮೆರಾದಲ್ಲಿಟ್ಟು ಚಿತ್ರ ತೆಗೆಯಬೇಕು. ಫಲಕ ಆರುವುದರೊಳಗೆ ಕತ್ತಲೆಯಲ್ಲಿ ತೊಳೆದು ಚಿತ್ರವನ್ನು ಮೂಡಿಸಬೇಕು. ಆದ್ದರಿಂದ ಛಾಯಾಗ್ರಾಹಕನು ಹೋದಲ್ಲೆಲ್ಲ ಕತ್ತಲೆಯ ಡೇರೆಯೂ, ರಸಾಯನಗಳ ಸೀಸೆಗಳೂ, ಗಾಜಿನ ಪೆಟ್ಟಿಗೆಗಳೂ, ನೀರಿನ ಕೊಡಗಳೂ ಹಿಂದೆ ಬರಬೇಕಾಗಿತ್ತು. ಬಿಸಿಲಿನ ದಿನಗಳಲ್ಲಿ ಫಲಕವು ಬೇಗನೆ ಆರಿ ಕೆಡುತ್ತಿತ್ತು. 1880ರ ದಶಕದಲ್ಲಿ ಒಣ ಫಲಕಗಳು ಬಳಕೆಗೆ ಬಂದ ಮೇಲೆ ಈ ಕಷ್ಟ ಎಷ್ಟೋ ಕಡಿಮೆಯಾಯಿತು. ಇನ್ನು ಅಚ್ಚು ತೆಗೆಯುವುದಕ್ಕೆ ಮೊಟ್ಟೆಯ ಬಿಳಿಯನ್ನು ಲೇಪಿಸಿದ ಕಾಗದವನ್ನು ಫಲಕಕ್ಕೆ ಒತ್ತಿಹಿಡಿದು ಬಿಸಿಲಿಗೆ ಇಡುತ್ತಿದ್ದರು. ಹಾಗೆ ಮಾಡಿದಾಗ ಚಿತ್ರ ಫಲಕದಷ್ಟೇ ದೊಡ್ಡದಾಗುವುದು. ಪ್ರದರ್ಶನದ ಗೋಡೆಗೆ ಒಪ್ಪುವ ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ಗಾಜನ್ನೂ ಕ್ಯಾಮೆರಾವನ್ನೂ ಹೊತ್ತು ಸಾಗಬೇಕು. ದೀನದಯಾಳರು ಹಾಗೆ ಹೊತ್ತರು.

1882–83ರಲ್ಲಿ ಡೇಲಿಯವರ ಸ್ಥಾನಕ್ಕೆ ಬಂದಿದ್ದ ಸರ್ ಲೆಪೆಲ್ ಗ್ರಿಫಿನ್ನರೊಡನೆ ಅವರು ಬುಂದೇಲಖಂಡದಲ್ಲಿ ಸಂಚರಿಸಿದರು. ಗ್ವಾಲಿಯರದ ಕೋಟೆ, ಖಜುರಾಹೊದ ಗುಡಿಗಳು, ಸಾಂಚಿಯ ಸ್ತೂಪ ಮೊದಲಾದವನ್ನು ಚಿತ್ರಿಸಿದರು. ಈ ಚಿತ್ರಗಳು 1886ರಲ್ಲಿ ಮಧ್ಯಭಾರತದ ಪ್ರಸಿದ್ಧ ಸ್ಮಾರಕಗಳನ್ನು ಕುರಿತ ಗ್ರಂಥವಾಗಿ ಹೊರಬಂದವು. ನಕ್ಷೆಗಾರನ ಶಿಕ್ಷಣ ಅವರಿಗೆ ಎಷ್ಟು ಉಪಕಾರಿಯಾಯಿತೆಂಬುದು ಈ ಚಿತ್ರಗಳಲ್ಲಿ ಸ್ಪಷ್ಟವಾಗಿ ತೋರುತ್ತದೆ. ಗೋಡೆಗಳು ನೆಟ್ಟಗೆ ನಿಂತಿರುತ್ತವೆ; ನೆರಳು ಕೆತ್ತನೆಯನ್ನು ಮುಚ್ಚದೆ ಎತ್ತಿ ತೋರಿಸುತ್ತದೆ; ಕಟ್ಟಡದ ಪಕ್ಕದಲ್ಲಿ ನಿಂತ ಒಬ್ಬ ಮನುಷ್ಯನಿಂದ ಅದರ ಎತ್ತರ ತಾನಾಗಿ ತಿಳಿಯುತ್ತದೆ.

ಇದಾದ ಮೇಲೆ ಅವರ ಬಾಳಿನ ದೊಡ್ಡ ನಿರ್ಧಾರದ ಗಳಿಗೆ ಬಂದಿತು. ಸುಮಾರು ಇಪ್ಪತ್ತು ವರ್ಷ ಸೇವೆ ಮಾಡಿದ ಸರಕಾರಿ ನೌಕರಿ ಒಂದು ಕಡೆ. ಗಿರಾಕಿಯ ಮೆಚ್ಚುಗೆಯನ್ನೇ ನಂಬಿದ ಅನಿಶ್ಚಿತ ಉದ್ಯೋಗ ಇನ್ನೊಂದು ಕಡೆ. ನಲವತ್ತು ದಾಟಿದ ಸಂಸಾರಸ್ಥರಾದ ಅವರು ಮೊದಲು ದೀರ್ಘ ರಜೆ ಪಡೆದು, ಆಮೇಲೆ ನೌಕರಿಯನ್ನೇ ಬಿಟ್ಟರು. 1885ರಲ್ಲಿ ಅವರು ವೈಸರಾಯ್ ಲಾರ್ಡ್ ಡಫರಿನ್ನರ ಛಾಯಾಗ್ರಾಹಕರಾಗಿ ನೇಮಕಗೊಂಡಿದ್ದರು. ಸುಮಾರು ಅದೇ ಕಾಲದಲ್ಲಿ ಹೈದರಾಬಾದಿನ ಸಂಬಂಧವೂ ಬೆಳೆಯಿತು. ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ನಿಜಾಮರ ಆಸ್ಥಾನ ಛಾಯಾಗ್ರಾಹಕರಾದರು.

ಹೈದರಾಬಾದು ಅವರ ಕೈಗೆ ಬೇಕಾದಷ್ಟು ಕೆಲಸ ಕೊಟ್ಟಿತು. ದರಬಾರು, ಬೇಟೆ, ಸೈನ್ಯದ ಕವಾಯತು, ಫಲಕನುಮಾ ಅರಮನೆಯ ವೈಭವ, ಪರದೇಶದ ಅತಿಥಿಗಳು, ಒಂದನ್ನೂ ಅವರು ಬಿಡಲಿಲ್ಲ. 1893ರಲ್ಲಿ ಆಸ್ಟ್ರಿಯಾದ ರಾಜಕುಮಾರ ಫ್ರಾಂಜ್ ಫರ್ಡಿನಾಂಡ್ ಹೈದರಾಬಾದಿಗೆ ಬಂದಾಗ ಚಿತ್ರ ತೆಗೆದವರು ಇವರೇ. ಇಪ್ಪತ್ತೊಂದು ವರ್ಷಗಳ ತರುವಾಯ ಆ ರಾಜಕುಮಾರನ ಕೊಲೆಯಿಂದಲೇ ಮೊದಲನೆಯ ಮಹಾಯುದ್ಧದ ಕಿಡಿ ಹೊತ್ತಿತು. ಇತಿಹಾಸದ ವಿದ್ಯಾರ್ಥಿಗಳು ಆ ಚಿತ್ರಗಳನ್ನು ನೋಡುವಾಗ ಇದನ್ನು ನೆನೆಯದೆ ಇರಲಾರರು.

1892ರಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ವಿಶೇಷವಾಗಿ ಹೇಳತಕ್ಕದ್ದು. ಗೋಷೆಯಲ್ಲಿದ್ದ ಸ್ತ್ರೀಯರು ಪರಪುರುಷನ ಎದುರಿಗೆ ಬರುವಂತಿರಲಿಲ್ಲ. ಆದ್ದರಿಂದ ಅವರ ಚಿತ್ರ ತೆಗೆಯುವುದೇ ಅಸಾಧ್ಯವಾಗಿತ್ತು. ದೀನದಯಾಳರು ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ಬೇರೆ ಜನಾನಾ ಸ್ಟುಡಿಯೊ ತೆರೆದು, ಕೆನಿ-ಲೆವಿಕ್ ಎಂಬ ಆಂಗ್ಲ ಮಹಿಳೆಯ ವಶಕ್ಕೆ ಅದನ್ನು ಕೊಟ್ಟರು. ಪರದೆಯ ಮಾನವನ್ನೂ ಕಾಯ್ದು, ಪರದೆಯ ಹಿಂದಿನವರಿಗೂ ತಮ್ಮ ಮುಖವನ್ನು ಚಿತ್ರದಲ್ಲಿ ನೋಡಿಕೊಳ್ಳುವ ಅವಕಾಶ ಕಲ್ಪಿಸಿದ ಈ ಉಪಾಯದಲ್ಲಿ ವ್ಯಾಪಾರದ ಜಾಣತನವಿದ್ದಂತೆ ಸೌಜನ್ಯವೂ ಇತ್ತು.

ಮರುವರ್ಷ, ಅಂದರೆ 1893ರಲ್ಲಿ, ಅಮೆರಿಕದ ಶಿಕಾಗೊ ನಗರದಲ್ಲಿ ಕೊಲಂಬಸನ ಹೆಸರಿನ ಜಾಗತಿಕ ಪ್ರದರ್ಶನವು ನಡೆಯಿತು. ಆ ವರ್ಷವನ್ನೂ ಆ ಊರನ್ನೂ ನಾವೆಲ್ಲ ಬಲ್ಲೆವು. ಪ್ರದರ್ಶನಕ್ಕೆ ಹೊಂದಿಕೊಂಡು ಸೇರಿದ ಸರ್ವಧರ್ಮ ಸಮ್ಮೇಲನದಲ್ಲಿಯೇ ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ್ದು. ವಿವೇಕಾನಂದರ ವಾಣಿಯನ್ನು ಕುರಿತು ಪ್ರತಿ ವರ್ಷವೂ ನಮ್ಮ ಕಾಲೇಜುಗಳಲ್ಲಿ ಭಾಷಣ ಸ್ಪರ್ಧೆಗಳು ನಡೆಯುತ್ತವೆ. ಆದರೆ ಅದೇ ವರ್ಷ ಅದೇ ಪ್ರದರ್ಶನದಲ್ಲಿ ನಿಜಾಮರ ನಾಡಿನ ಒಬ್ಬ ಛಾಯಾಗ್ರಾಹಕರ ಚಿತ್ರಗಳೂ ಇದ್ದುವೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಮೇ ತಿಂಗಳ ಮೊದಲಿನಿಂದ ಅಕ್ಟೋಬರ್ ಕೊನೆಯವರೆಗೆ ನಡೆದ ಆ ಪ್ರದರ್ಶನವನ್ನು ನೋಡಲು ಬಂದವರ ಲೆಕ್ಕ ಎರಡೂವರೆ ಕೋಟಿಗೂ ಮಿಕ್ಕಿತ್ತು. ಜಗತ್ತಿನ ನಾನಾ ದೇಶಗಳ ಕೃತಿಗಳ ನಡುವೆ ದೀನದಯಾಳರ ಚಿತ್ರಗಳು ನಿಂತು ಮನ್ನಣೆ ಪಡೆದವು.

ಅರಮನೆಯ ಆಲ್ಬಮ್ಮಿಗೂ ಪ್ರದರ್ಶನದ ಗೋಡೆಗೂ ಬಹಳ ಅಂತರವಿದೆ. ಆಲ್ಬಮ್ಮನ್ನು ತೆರೆಯುವವರು ದೊರೆ ಮತ್ತು ದೊರೆಯ ಅತಿಥಿಗಳು. ಚಿತ್ರ ಚೆನ್ನಾಗಿದೆಯೆಂದು ಅವರು ಹೇಳಿದರೆ ಅದು ಕೃಪೆ. ಪ್ರದರ್ಶನದಲ್ಲಿಯಾದರೋ ನೋಡುವವನಿಗೆ ಛಾಯಾಗ್ರಾಹಕನ ಪರಿಚಯವಿಲ್ಲ, ದಾಕ್ಷಿಣ್ಯವೂ ಇಲ್ಲ. ಪಕ್ಕದ ಚೌಕಟ್ಟಿನಲ್ಲಿ ಇನ್ನೊಬ್ಬನ ಕೃತಿ ಇದ್ದೇ ಇರುತ್ತದೆ. ಅಲ್ಲಿ ಗೆದ್ದದ್ದು ಕೆಲಸದ ಬಲದಿಂದಲೇ ಗೆದ್ದಂತೆ. ದೇಶೀಯರಿಗೆ ಈ ವಿದ್ಯೆ ಪೂರ್ತಿಯಾಗಿ ದಕ್ಕಲಾರದೆಂದು ಎಣಿಸಿದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ.

1894ರಲ್ಲಿ ನಿಜಾಮರು ಅವರಿಗೆ ರಾಜಾ ಬಹಾದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನಿತ್ತರು. ಮುಸವ್ವಿರ್ ಎಂದರೆ ಚಿತ್ರಕಾರ. ಜಂಗ್ ಎಂದರೆ ಯುದ್ಧ. ಕತ್ತಿ ಹಿಡಿದವರಿಗೆ ಸಲ್ಲುತ್ತಿದ್ದ ಬಿರುದು ಕ್ಯಾಮೆರಾ ಹಿಡಿದವರಿಗೆ ಸಂದಿತು. ವಿಕ್ಟೋರಿಯಾ ರಾಣಿಯ ಸನ್ನದೂ ಅವರಿಗೆ ದೊರೆಯಿತು. 1896ರಲ್ಲಿ ಮುಂಬಯಿಯಲ್ಲಿಯೂ ದೊಡ್ಡ ಸ್ಟುಡಿಯೊ ಪ್ರಾರಂಭವಾಯಿತು. ಮಕ್ಕಳಾದ ಜ್ಞಾನಚಂದ, ಧರ್ಮಚಂದರು ತಂದೆಯ ಕೈಗೆ ಆಸರೆಯಾದರು.

ಇಷ್ಟು ಓದಿದವರಿಗೆ ಒಂದು ಸಂದೇಹ ಹುಟ್ಟುವುದು ಸಹಜ. ರಾಜರ, ವೈಸರಾಯರ, ಹುಲಿ ಬೇಟೆಯ ಚಿತ್ರ ತೆಗೆದವರನ್ನು ನಾವೇಕೆ ಕೊಂಡಾಡಬೇಕು? 1902ರಲ್ಲಿ ವರಂಗಲ್ಲಿನ ಕಡೆಯ ಕಾಡಿನಲ್ಲಿ ಸತ್ತ ಹುಲಿಯ ಹಿಂದೆ ಲಾರ್ಡ್ ಕರ್ಜನ್ ದಂಪತಿಗಳು ನಿಂತ ಚಿತ್ರ ಇಂದಿಗೂ ಪ್ರಸಿದ್ಧ. ಅದನ್ನು ನೋಡಿದರೆ ಇಂದಿನ ನಮಗೆ ಹೆಮ್ಮೆಗಿಂತ ಮುಜುಗರವೇ ಹೆಚ್ಚು. ಸಂದೇಹ ನ್ಯಾಯವಾದದ್ದೇ. ದೀನದಯಾಳರು ಆಸ್ಥಾನದ ಅನ್ನ ಉಂಡವರು. ಆಸ್ಥಾನಕ್ಕೆ ಬೇಕಾದುದನ್ನು ತೋರಿಸಿದರು. ಇದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಕ್ಯಾಮೆರಾದ ಕಣ್ಣಿಗೆ ಒಂದು ಗುಣವಿದೆ. ತೆಗೆಸಿದವನು ಬಯಸಿದ್ದಕ್ಕಿಂತ ಹೆಚ್ಚನ್ನು ಅದು ಉಳಿಸಿಕೊಳ್ಳುತ್ತದೆ. 1899–1900ರಲ್ಲಿ ಔರಂಗಾಬಾದಿನ ಕಡೆ ಘೋರ ಬರ ಬಿದ್ದಾಗ ಸಂಸ್ಥಾನವು ನಡೆಸಿದ ಪರಿಹಾರ ಕಾರ್ಯಗಳ ಚಿತ್ರಗಳೂ ಅವರ ಸ್ಟುಡಿಯೊದಿಂದ ಹೊರಬಂದವು. ಸರಕಾರದ ಸತ್ಕಾರ್ಯವನ್ನು ತೋರಿಸುವುದು ಅವುಗಳ ಉದ್ದೇಶ. ಆದರೆ ಇಂದು ಅವನ್ನು ನೋಡುವ ನಮ್ಮ ದೃಷ್ಟಿ ಹೋಗುವುದು ಅಧಿಕಾರಿಗಳ ಕಡೆಗಲ್ಲ. ಸಾಲಾಗಿ ಕುಳಿತ ಹಸಿದ ಜನರ ಕಡೆಗೆ. ನಮ್ಮ ಹಿರಿಯರು 1876–78ರ ಧಾತು ಸಂವತ್ಸರದ ಬರವನ್ನು ತಲೆತಲಾಂತರದಿಂದ ಮಾತಿನಲ್ಲಿ ಉಳಿಸಿಕೊಂಡು ಬಂದರು. ಔರಂಗಾಬಾದಿನ ಬರ ಕಣ್ಣಿಗೆ ಕಾಣುವಂತೆ ಉಳಿದಿದೆ. ದರಬಾರಿನ ಚಿತ್ರಗಳ ವಿಷಯವೂ ಹೀಗೆಯೇ. ನಡುವೆ ಕುಳಿತ ದೊರೆಯನ್ನು ನೋಡಿದ ಮೇಲೆ ಅಂಚಿನಲ್ಲಿ ನಿಂತ ಆಳು, ಮಾವುತ, ಪಂಖಾ ಎಳೆಯುವವನು ಕಾಣಿಸುತ್ತಾರೆ. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವರ ಮುಖಗಳು ಉಳಿದಿವೆ.

ಕೊನೆಯ ದಿನಗಳು ಸುಖದವಾಗಿರಲಿಲ್ಲ. 1903ರ ದಿಲ್ಲಿ ದರಬಾರಿನ ಚಿತ್ರಗಳು ಅವರ ವೃತ್ತಿಯ ಶಿಖರವಾದವು. ಮರುವರ್ಷವೇ ಮಗ ಧರ್ಮಚಂದನು ತೀರಿಕೊಂಡನು. ಪುತ್ರಶೋಕದ ತರುವಾಯ ಅವರು ಬಹುಕಾಲ ಬಾಳಲಿಲ್ಲ. 1905ರ ಜುಲೈ 5ರಂದು ದೀನದಯಾಳರು ನಿಧನರಾದರು.

ಅವರ ಕೃತಿಗಳಿಗೆ ಮಾತ್ರ ಎರಡನೆಯ ಬಾಳು ದೊರೆಯಿತು. ಸ್ಟುಡಿಯೊದ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳನ್ನು ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾಕೇಂದ್ರವು 1989ರಲ್ಲಿ ಕೊಂಡು ಕಾಪಾಡಿತು. 2006ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. 2010ರಲ್ಲಿ ಕಲಾಕೇಂದ್ರವು ದಿಲ್ಲಿಯಲ್ಲಿ ಆ ಸಂಗ್ರಹದ ಪ್ರದರ್ಶನ ನಡೆಸಿತು. 2013ರಲ್ಲಿ ಕೆನಡಾದ ಟೊರಾಂಟೊ ನಗರದ ವಸ್ತುಸಂಗ್ರಹಾಲಯದಲ್ಲಿ ಅವರ ಚಿತ್ರಗಳ ಇನ್ನೊಂದು ಪ್ರದರ್ಶನವಾಯಿತು. ಒಂದು ಕಾಲದಲ್ಲಿ ಅರಮನೆಯ ಕಪಾಟಿನೊಳಗಿದ್ದುದನ್ನು ಇಂದು ಯಾರು ಬೇಕಾದರೂ ನಿಂತು ನೋಡಬಹುದಾಗಿದೆ. ಪ್ರದರ್ಶನವೆಂಬುದರ ನಿಜವಾದ ಸಾರ್ಥಕತೆ ಇದೇ ಎಂದು ನನಗೆ ತೋರುತ್ತದೆ.

ಅವರ ಪ್ರಸಿದ್ಧ ಚಿತ್ರಗಳಲ್ಲಿ ಹೆಚ್ಚಿನವು ಹೈದರಾಬಾದು, ಗೋಲ್ಕೊಂಡ, ವರಂಗಲ್, ಔರಂಗಾಬಾದುಗಳ ಕಡೆಯವು. ಅದೇ ರಾಜ್ಯದ ಅಂಚಿನಲ್ಲಿದ್ದ ನಮ್ಮ ಸೀಮೆಯ ಬಾಳುವೆಯನ್ನು ಗೋಡೆಗೇರಿಸಿ ತೋರಿಸುವ ಕೆಲಸ ನಮಗೇ ಉಳಿದಿದೆ. ಗಿಣಿಗೇರಾದ ಸುತ್ತ ಹೊಲಗಳಿದ್ದಲ್ಲಿ ಉಕ್ಕಿನ ಕಾರಖಾನೆಗಳು ಎದ್ದಿವೆ. ಹಳೆಯ ಊರಿನ ರೂಪ ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಅವರ ಮನೆಯ ಗೋಡೆಯ ಮೇಲೆ, ಟ್ರಂಕಿನ ತಳದಲ್ಲಿ, ಮಾಸಿದ ಒಂದೆರಡು ಚಿತ್ರಗಳಿದ್ದರೂ ಇರಬಹುದು. ವಿದ್ಯಾರ್ಥಿಮಿತ್ರರು ರಜೆಯಲ್ಲಿ ಊರಿಗೆ ಹೋದಾಗ ಅಂಥವನ್ನು ಕೇಳಿ ನೋಡಲಿ. ಚಿತ್ರದಲ್ಲಿರುವವರು ಯಾರು, ಯಾವ ವರ್ಷದ್ದು ಎಂಬುದನ್ನು ಅಜ್ಜ ಅಜ್ಜಿಯರ ಬಾಯಿಂದಲೇ ಕೇಳಿ ಹಿಂಬದಿಯಲ್ಲಿ ಬರೆದಿಡಲಿ. ವಾರ್ಷಿಕೋತ್ಸವದ ದಿನ ಕಾಲೇಜಿನ ಒಂದು ಕೊಠಡಿಯಲ್ಲಿ ಅವನ್ನೆಲ್ಲ ತೂಗುಹಾಕಿದರೆ ಅದೂ ಒಂದು ಪ್ರದರ್ಶನವೇ. ದೀನದಯಾಳರ ಚಿತ್ರಗಳ ಅಂಚಿನಲ್ಲಿ ನಿಂತವರಿಗೆ ಸಿಕ್ಕದ ಹೆಸರು ನಮ್ಮ ಊರಿನವರಿಗಾದರೂ ಸಿಕ್ಕೀತು.