ಕನಕದಾಸರು ಸೆರೆಗೆ ಹಾಕಿಸಿದ್ದು ಧಾನ್ಯವನ್ನ, ಉಣ್ಣೋನನ್ನಲ್ಲ

ನಮ್ಮೂರು ಕುಂದಗೋಳ ತಾಲೂಕು. ಶಿಗ್ಗಾವಿ ಕಡೆ ಹೊರಟರೆ ಬಾಡ ದೂರವೇನಲ್ಲ. ಈಗ ಅದು ಹಾವೇರಿ ಜಿಲ್ಲೆ, 1997ರ ತನಕ ನಮ್ಮ ಧಾರವಾಡ ಜಿಲ್ಲೆಯೇ. ಅಲ್ಲಿನ ಕುರುಬರ ಮನೆಯಲ್ಲಿ ಹುಟ್ಟಿದ ತಿಮ್ಮಪ್ಪನೇ ಮುಂದೆ ಕನಕದಾಸರಾದದ್ದು. ಸೀಮೆ ಆಳುತ್ತಿದ್ದ ನಾಯಕ, ಯುದ್ಧದಲ್ಲಿ ಗಾಯಗೊಂಡು ಬದುಕುಳಿದ ಮೇಲೆ ಕತ್ತಿ ಬಿಟ್ಟು ಕಾಗಿನೆಲೆಯ ಆದಿಕೇಶವನನ್ನು ಹಿಡಿದರು ಅಂತ ಪ್ರತೀತಿ. ವ್ಯಾಸರಾಯರ ಶಿಷ್ಯರಾದರು. ಉಡುಪಿಯ ಕಿಂಡಿ ಕಥೆ ಎಲ್ಲರಿಗೂ ಗೊತ್ತು, ಬಿಡಿ. ನನ್ನನ್ನು ಕಾಡೋದು ಅವರ ರಾಮಧಾನ್ಯಚರಿತೆ.

ಲಂಕೆಯಿಂದ ಮರಳುವ ರಾಮನ ಮುಂದೆ ಯಾವ ಧಾನ್ಯ ದೊಡ್ಡದು ಅನ್ನೋ ಮಾತು ಬರುತ್ತೆ. ಅಕ್ಕಿ ತನ್ನ ಕುಲದ ಹೆಮ್ಮೆ ಹೇಳಿಕೊಂಡು ರಾಗಿಯನ್ನು ಹೀಗಳೆಯುತ್ತೆ. ರಾಗಿ ಸುಮ್ಮನಿರಲ್ಲ. ಬಡವರನ್ನು ಕಣ್ಣೆತ್ತಿ ನೋಡದೆ ಉಳ್ಳವರ ಹಿಂದೆ ಹೋಗೋನು ನೀನು, ಕೊನೆಗೆ ಹೆಣದ ಬಾಯಿಗೂ ನೀನೇ ಅಂತ ತಿರುಗಿ ಬೀಳುತ್ತೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಕೆಟ್ಟಿತ್ತು, ರಾಗಿ ಗಟ್ಟಿಯಾಗಿತ್ತು. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಟ್ಟ.

ಇದನ್ನ ಜಾತಿಯ ಕಥೆಯಾಗಿ ಓದ್ತಾರೆ, ಸರಿಯಾಗೇ ಓದ್ತಾರೆ. ನನಗೆ ಇನ್ನೊಂದೂ ಕಾಣುತ್ತೆ. ಇಲ್ಲಿ ವಿಚಾರಣೆ ನಡೆದದ್ದು ಕಾಳುಗಳದ್ದು. ಅದನ್ನ ಉಂಡವರನ್ನು ರಾಜ ಕಟಕಟೆಗೆ ನಿಲ್ಲಿಸಲಿಲ್ಲ.

ನಮ್ಮಪ್ಪನಿಗೆ ಶುಗರ್ ಬಂದಿದೆ, ಹೊಟ್ಟೆಯೂ ಮುಂದೆ ಬಂದಿದೆ. ಡಾಕ್ಟರು ಅನ್ನ ಕಡಿಮೆ ಮಾಡಿ, ರೊಟ್ಟಿ ತಿನ್ನಿ, ನಾಲಿಗೆ ಹಿಡಿತದಲ್ಲಿಡಿ ಅಂದರು. ಅಪ್ಪನ ತಪ್ಪೇ ಇಲ್ಲ ಅನ್ನಲ್ಲ. ದಿನಕ್ಕೆ ಐದು ಸಲ ಸಕ್ಕರೆ ಚಾ ಕುಡಿಯೋದು ಅವರೇ. ಆದರೆ ನಮ್ಮ ಎರೆ ಹೊಲದ ಕಾಳು ಅಂದ್ರೆ ಹಿಂಗಾರಿ ಬಿಳಿಜೋಳ. ನಮ್ಮ ಹೊಲದಲ್ಲಿ ಈಗ ಹತ್ತಿ, ಗೋವಿನಜೋಳ. ಜೋಳ ಬಿತ್ತಿದ್ರೆ ಕೊಯ್ಯೋಕೆ ಆಳು ಸಿಗಲ್ಲ. ರೇಷನ್ ಅಂಗಡಿಯಲ್ಲಿ ಮುಖ್ಯವಾಗಿ ಸಿಗೋದು ಅಕ್ಕಿ. ಜೋಳ ತಂದರೂ ಹಿಟ್ಟು ನಾದಿ, ಬಡಿದು, ಒಲೆ ಮುಂದೆ ಬೇಯಬೇಕಾದವಳು ಅವ್ವ. ಡಾಕ್ಟರು ಅವಳನ್ನೇನೂ ಕೇಳಲಿಲ್ಲ.

ಅನ್ನಭಾಗ್ಯವನ್ನು ಬೈಯೋ ಮಂದಿ ಜೊತೆ ನಾನಿಲ್ಲ. 2013ರ ಜುಲೈನಿಂದ ನಮ್ಮೋಣಿಯ ಎಷ್ಟೋ ಒಲೆ ಉರಿದದ್ದು ಆ ಅಕ್ಕಿಯಿಂದಲೇ. ಹಸಿವು ಕಳೆಯೋದು ಮೊದಲು. ಆದರೆ 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂದಾಗ ಮೇಳ ಆದವು, ಭಾಷಣ ಆದವು. ರೇಷನ್ ಚೀಲಕ್ಕೆ ಯಾವ ಕಾಳು ಹಾಕಬೇಕು, ಯಾವ ಕಾಳಿಗೆ ರೈತನಿಂದ ನಿಂತು ಖರೀದಿ ಮಾಡಬೇಕು, ಬಿಸಿಯೂಟದಲ್ಲಿ ಏನು ಬಡಿಸಬೇಕು, ಇದನ್ನ ನಿರ್ಧರಿಸೋದು ಸರ್ಕಾರ. ಜವಾಬ್ದಾರಿ ಮಾತ್ರ ಅಪ್ಪನ ನಾಲಿಗೆಗೆ.

ಬಾಡದಲ್ಲಿ ಸರ್ಕಾರ ಕನಕದಾಸರ ನೆನಪಿಗೆ ಅರಮನೆ ಕಟ್ಟಿಸಿದೆ, ಕನಕ ಜಯಂತಿಗೆ ರಜೆಯೂ ಕೊಡುತ್ತೆ. ಸಲ ರಜೆ ದಿನ ಅಪ್ಪನನ್ನು ಕರಕೊಂಡು ಹೋಗಿದ್ದೆ. ಮನೆಗೆ ಬಂದು ಊಟಕ್ಕೆ ಕೂತಾಗ ತಟ್ಟೆಯಲ್ಲಿ ಅನ್ನ ಇತ್ತು.